ಗ್ಯಾಸ್ ಖಾಲಿ ಆಗ್ಯಾದ್ರಿ

ಏಪ್ರಿಲ್ ಬಂತೆಂದರೆ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಊರಿನ ಅರ್ಧ ಕಾರುಗಳ ಏಸಿಗೆ ಒಮ್ಮೆಲೇ ಬೇನೆ ಬರುತ್ತದೆ. ಬಾನೆಟ್ ಎತ್ತುವ ಮೊದಲೇ ಮೆಕ್ಯಾನಿಕ್‌ನ ತೀರ್ಪು ತಯಾರು: "ಗ್ಯಾಸ್ ಖಾಲಿ ಆಗ್ಯಾದ್ರಿ ಸಾಹೇಬ್ರ." ಸಾಹೇಬ್ರೂ ಗೋಣು ಹಾಕುತ್ತಾರೆ. ಪೆಟ್ರೋಲಿನಂತೆ ಅದೂ ಉರಿದು ಹೋಗುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿ. ಅದು ಉರಿಯುವುದಿಲ್ಲ, ಮುಚ್ಚಿದ ಪೈಪಿನೊಳಗೆ ಸುತ್ತುತ್ತಿರುತ್ತದೆ. ರಬ್ಬರ್ ಹೋಸಿನಿಂದ ವರ್ಷಗಟ್ಟಲೆ ತುಸುತುಸು ಹೋಗುವುದು ಬೇರೆ ಮಾತು. ಹೋದ ಬ್ಯಾಸಿಗಿಗೆ ತುಂಬಿಸಿದ್ದು ಈ ಬ್ಯಾಸಿಗಿಗೆ ಇಲ್ಲವೆಂದರೆ ಲೀಕ್ ಇದೆ. ಜಾಯಿಂಟಿನ ಹತ್ತಿರ ಎಣ್ಣೆಜಿಡ್ಡು, ಅದರ ಮೇಲೆ ಧೂಳು ಮೆತ್ತಿದ್ದರೆ ಮೊದಲು ಅಲ್ಲೇ ನೋಡಬೇಕು.

ಸೊಲ್ಲಾಪುರ ರಸ್ತೆಯಲ್ಲಿ ಓಡುವಾಗ ತಂಪು, ಗಾಂಧಿ ಚೌಕದಲ್ಲಿ ನಿಂತಾಗ ಬಿಸಿಗಾಳಿ. ಹೀಗಿದ್ದರೆ ಗ್ಯಾಸಿನ ಮೇಲೆ ಯಾಕೆ ಸಿಟ್ಟು? ಓಡುವಾಗ ಗ್ಯಾಸಿನ ಬಿಸಿ ಹೊರಬಿಡುವ ಮುಂದಿನ ಜಾಲಿಗೆ, ಅಂದರೆ ಕಂಡೆನ್ಸರಿಗೆ, ಎದುರುಗಾಳಿ ಸಿಗುತ್ತದೆ, ನಿಂತಾಗ ಫ್ಯಾನೇ ಗತಿ. ಏಸಿ ಹಾಕಿಯೂ ಫ್ಯಾನ್ ತಿರುಗದಿದ್ದರೆ ಮೊದಲು ಫ್ಯೂಜು, ಆಮೇಲೆ ರಿಲೇ, ಕೊನೆಗೆ ಮೋಟಾರು. ತಿರುಗುತ್ತಿದ್ದೂ ತಂಪಾಗದಿದ್ದರೆ ಕಂಡೆನ್ಸರಿನ ಸಂದಿಯೊಳಗೆ ಇಣುಕಬೇಕು. ನಮ್ಮ ಎರೆಮಣ್ಣಿನ ಧೂಳು, ಕಬ್ಬಿನ ಹಂಗಾಮಿನ ರವದಿ, ಸತ್ತ ಹುಳ ಎಲ್ಲ ಅಲ್ಲಿ ಸಂತೆ ನೆರೆದಿರುತ್ತವೆ. ಎಂಜಿನ್ ಆರಿದ ಮೇಲೆ ಮನೆಯ ಪೈಪಿನ ಮೆಲ್ಲನೆ ನೀರು ಸಾಕು. ವಾಷಿಂಗ್ ಸೆಂಟರಿನ ಪ್ರೆಶರ್ ಗನ್ನು ಹತ್ತಿರ ಹಿಡಿದರೆ ತೆಳು ಅಲ್ಯುಮಿನಿಯಂ ರೆಕ್ಕೆಗಳು ಮಡಚಿ, ಇದ್ದ ದಾರಿಯೂ ಮುಚ್ಚುತ್ತದೆ.

ಗಾಳಿಯೇ ಕಮ್ಮಿ ಬಂದರೆ ಕ್ಯಾಬಿನ್ ಫಿಲ್ಟರ್ ತೆಗೆಯಬೇಕು. ಬಹಳಷ್ಟು ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದಿರುತ್ತದೆ, ಬಿಚ್ಚುವುದು ಮನೆಯಲ್ಲೇ ಆಗುವ ಕೆಲಸ. ಫಿಲ್ಟರ್ ಬದಲಿಸಲು ಕಂಪನಿಯ ಪುಸ್ತಕ ಹೇಳುವ ಕಿಲೋಮೀಟರು ಇಂಡಿ, ಸಿಂದಗಿಯ ಹೊಲದ ದಾರಿಗೆ ಲೆಕ್ಕವಲ್ಲ. ದೂರ ಓಡಿದ ಮೇಲೆ ಗಾಳಿ ಸೊರಗಿ, ಏಸಿ ಆರಿಸಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿಯಾದರೆ, ಒಳಗೆ ಗಾಳಿ ತಂಪು ಮಾಡುವ ಕಾಯಿಲಿಗೆ (ಕಾಯಿಲ್) ಬರ್ಫ ಕಟ್ಟುತ್ತಿದೆ. ಆಗ ಅನುಮಾನ ಆ ಕಾಯಿಲಿನ ತಂಪು ಅಳೆಯುವ ಥರ್ಮಿಸ್ಟರ್ ಮೇಲೆ.

ಇಷ್ಟಾದ ಮೇಲೆ ಗ್ಯಾಸಿನ ಒತ್ತಡ ಅಳೆಯುವ ಗೇಜು. ಆರ್-134ಎ ಗ್ಯಾಸಿನ ಗಾಡಿಯಲ್ಲಿ ಎಂಜಿನ್ 1500 ಆರ್‌ಪಿಎಂ ಹಿಡಿದು ನೋಡಿದರೆ ಲೋ ಸೈಡು (ಗ್ಯಾಸ್ ಒತ್ತುವ ಕಂಪ್ರೆಸರಿಗೆ ಬರುವ ಪೈಪು) 30ರಿಂದ 45 ಪಿಎಸ್‌ಐ, ಹೈ ಸೈಡು (ಅದರಿಂದ ಹೊರಡುವ ಪೈಪು) 200ರಿಂದ 250ರ ಆಸುಪಾಸು. ನಮ್ಮ ಮೇ ತಿಂಗಳಲ್ಲಿ ಇನ್ನಷ್ಟು ಏರಿದರೆ ಗಾಬರಿ ಬೇಡ. ಎರಡೂ ಕೆಳಗಿದ್ದರೆ ಮೆಕ್ಯಾನಿಕ್ ಹೇಳಿದ್ದು ಖರೆ. ಎರಡೂ ಬಹಳ ಮೇಲಿದ್ದರೆ ಕಂಡೆನ್ಸರ್ ಬಿಸಿ ಬಿಡುತ್ತಿಲ್ಲ, ಇಲ್ಲವೇ ಗ್ಯಾಸ್ ಜಾಸ್ತಿಯಾಗಿದೆ. ಲೋ ಏರಿ ಹೈ ಇಳಿದಿದ್ದರೆ ಕಂಪ್ರೆಸರ್ ಮುದಿಯಾಗಿದೆ. ಜೇಬು ಗಟ್ಟಿ ಮಾಡಿಕೊಳ್ಳಬೇಕು.

ತುಂಬಿಸುವುದೇ ಆದರೆ ತೂಕ ಮಾಡಿಯೇ ತುಂಬಿಸಬೇಕು. ಎಷ್ಟು ಗ್ರಾಂ ಎಂಬುದು ಬಾನೆಟ್ಟಿನ ಕೆಳಗಿನ ಸ್ಟಿಕ್ಕರಿನಲ್ಲಿ ಇರುತ್ತದೆ, ಸಣ್ಣ ಕಾರಿಗೆ ಅರ್ಧ ಕಿಲೋದ ಒಳಗೇ. "ಇನ್ನೊಂಚೂರು ಹಾಕ್ರಿ, ತಂಪಾಗ್ಲಿ" ಎನ್ನುವವರೇ ಹೆಚ್ಚು. ಹೆಚ್ಚಾದರೆ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರ್ ಏದುಸಿರು ಬಿಡುತ್ತದೆ. ತುಂಬುವ ಮೊದಲು ಅರ್ಧ ತಾಸು ವ್ಯಾಕ್ಯೂಮ್ ಎಳೆಯಲೇಬೇಕು, ಅಂದರೆ ಪಂಪಿನಿಂದ ಪೈಪಿನೊಳಗಿನ ಗಾಳಿ, ತೇವ ಹೀರಿಸಬೇಕು. ಒಳಗೆ ತೇವ ಉಳಿದರೆ ಕಾಯಿಲಿಗೆ ಗ್ಯಾಸ್ ಬಿಡುವ ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ರಂಧ್ರದಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ.

ಇನ್ನು ಕಾರಿನ ಕೆಳಗೆ ತೊಟ್ಟಿಕ್ಕುವ ನೀರು ಕಂಡು ಗ್ಯಾರೇಜಿಗೆ ಓಡಿಬರುವವರು. ಅದು ಏಸಿ ಹಿಂಡಿದ ಗಾಳಿಯ ತೇವ, ಬೀಳಲಿ ಬಿಡಿ. ಅದೇ ನೀರು ಮುಂದೆ ಕೂತವರ ಪಾದಕ್ಕೆ ಬಿದ್ದರೆ ಡ್ರೈನ್ ಪೈಪಿನಲ್ಲಿ ಕಸ ಕಟ್ಟಿದೆ. ಕೆಳಗಿನಿಂದ ಮೆಲ್ಲಗೆ ಗಾಳಿ ಊದಿಸಿದರೆ ಬಿಚ್ಚಿಕೊಳ್ಳುತ್ತದೆ.