ಟಸ್ಕನಿಗೆ ಹೋಗಿ ಬನ್ನಿ, ಆದರೆ ಉಂಬ್ರಿಯಾದಲ್ಲಿ ಉಳಿಯಿರಿ

ಇಟಲಿಗೆ ಹೊರಟ ಸ್ನೇಹಿತರು, ನೆಂಟರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ರೋಮ್ ನೋಡಬೇಕು, ವೆನಿಸ್ ನೋಡಬೇಕು, ನಡುವೆ ಒಂದು ವಾರ ಬೆಟ್ಟಗುಡ್ಡಗಳ ನಡುವಿನ ಸಣ್ಣ ಊರಲ್ಲಿ ಆರಾಮಾಗಿ ಇರಬೇಕು. ಟಸ್ಕನಿಯಲ್ಲಿ ರೂಮ್ ಬುಕ್ ಮಾಡೋಣವಾ? ಪಕ್ಕದಲ್ಲೇ ಉಂಬ್ರಿಯಾ ಅಂತ ಇದೆಯಂತಲ್ಲ, ಅದು ಹೇಗೆ?

ಎರಡೂ ಕಡೆ ತಿರುಗಾಡಿದವಳಾಗಿ ನನ್ನ ಉತ್ತರ ಸ್ಪಷ್ಟ. ಉಂಬ್ರಿಯಾದಲ್ಲಿ ಉಳಿಯಿರಿ. ಟಸ್ಕನಿಯ ಫ್ಲಾರೆನ್ಸ್‌ಗೆ ಅಲ್ಲಿಂದಲೇ ಹೋಗಿ ಬನ್ನಿ. ಯಾಕೆ ಅಂತ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ನಕ್ಷೆ ನೋಡಿ. ಟಸ್ಕನಿ ದೊಡ್ಡ ಪ್ರಾಂತ್ಯ. ಸುಮಾರು 23,000 ಚದರ ಕಿಲೋಮೀಟರ್, 36 ಲಕ್ಷಕ್ಕೂ ಹೆಚ್ಚು ಜನ. ಉಂಬ್ರಿಯಾ ಅದರ ಆಗ್ನೇಯಕ್ಕೆ ಅಂಟಿಕೊಂಡಿರುವ ಸಣ್ಣ ಪ್ರಾಂತ್ಯ, ಸುಮಾರು 8,500 ಚದರ ಕಿಲೋಮೀಟರ್. ಜನ 9 ಲಕ್ಷವೂ ಇಲ್ಲ. ಉಂಬ್ರಿಯಾಕ್ಕೆ ಸಮುದ್ರ ಇಲ್ಲ, ಹೊರದೇಶದ ಗಡಿಯೂ ಇಲ್ಲ. ಉಳಿದಂತೆ ಎರಡೂ ಕಡೆ ಅದೇ ಆಲಿವ್ ತೋಟ, ಅದೇ ದ್ರಾಕ್ಷಿ ಸಾಲು, ಗುಡ್ಡದ ನೆತ್ತಿಯ ಮೇಲೆ ಅದೇ ಕಲ್ಲಿನ ಊರುಗಳು. ಒಂದು ಫೋಟೋ ತೋರಿಸಿ ಇದು ಯಾವ ಪ್ರಾಂತ್ಯ ಅಂತ ಕೇಳಿದರೆ ಎಷ್ಟೋ ಸಲ ಹೇಳೋದು ಕಷ್ಟ.

ಹಾಗಾದರೆ ಟಸ್ಕನಿ ಬೇಡವೇ ಬೇಡವಾ? ಖಂಡಿತ ಬೇಕು. ಫ್ಲಾರೆನ್ಸ್‌ಗೆ ಸಾಟಿ ಇನ್ನೊಂದಿಲ್ಲ. ದೊಡ್ಡ ಚರ್ಚಿನ ಮೇಲೆ 1436ರಲ್ಲಿ ಮುಗಿದ ಬ್ರುನೆಲೆಸ್ಕಿಯ ಗುಮ್ಮಟ, ಅಕಾಡೆಮಿಯಾ ಮ್ಯೂಸಿಯಂನಲ್ಲಿರುವ ಮೈಕೆಲಾಂಜೆಲೊನ ಡೇವಿಡ್ ಶಿಲ್ಪ, ಉಫೀಜಿ ಮ್ಯೂಸಿಯಂನ ಬೊಟಿಚೆಲ್ಲಿ ಚಿತ್ರಗಳು, ಇವನ್ನು ನೋಡದೆ ಇಟಲಿಯಿಂದ ವಾಪಸ್ ಬರಬೇಡಿ. ಸಿಯೆನಾದ ಇಳಿಜಾರು ಚೌಕದಲ್ಲಿ ಸಂಜೆ ಕೂತಾಗ ಸಿಗುವ ಖುಷಿ ನನಗೆ ಬೇರೆ ಯಾವ ಊರಿನ ಚೌಕದಲ್ಲೂ ಸಿಕ್ಕಿಲ್ಲ. ನೋಡುವುದಕ್ಕೆ ಟಸ್ಕನಿ ಅದ್ಭುತ. ನನ್ನ ತಕರಾರು ಅಲ್ಲಿ ಒಂದು ವಾರ ಮನೆ ಹೂಡಿಕೊಂಡು ಕೂರುವುದರ ಬಗ್ಗೆ ಮಾತ್ರ.

ಸಾನ್ ಜಿಮಿನ್ಯಾನೊ ಉದಾಹರಣೆ ತಗೊಳ್ಳಿ. ಒಂದು ಕಾಲಕ್ಕೆ ಅಲ್ಲಿ 72 ಗೋಪುರಗಳಿದ್ದವಂತೆ, ಈಗ 14 ಉಳಿದಿವೆ. ಬಹಳ ಚೆಂದದ ಊರು. ಆದರೆ ಬೇಸಿಗೆಯಲ್ಲಿ ಮಧ್ಯಾಹ್ನ ಹೋದರೆ ಬಸ್ಸಿನಿಂದ ಇಳಿದ ಜನರ ನಡುವೆ ನೀವೂ ತಳ್ಳಿಸಿಕೊಂಡು ನಡೆಯಬೇಕು. ಮುಖ್ಯ ಬೀದಿಯಲ್ಲಿ ಪ್ರವಾಸಿಗರಿಗೆ ಬೇಕಾದ್ದೆಲ್ಲ ಸಿಗುತ್ತದೆ, ಊರಿನವರು ತರಕಾರಿ ಕೊಳ್ಳುವ ಅಂಗಡಿ ಹುಡುಕಬೇಕು. ಫ್ಲಾರೆನ್ಸ್ ನಗರಸಭೆ 2023ರಲ್ಲಿ ಹಳೆ ನಗರದೊಳಗೆ ಪ್ರವಾಸಿಗರಿಗೆ ಕೆಲವೇ ದಿನದ ಬಾಡಿಗೆಗೆ ಕೊಡುವ ಹೊಸ ಮನೆಗಳಿಗೆ ತಡೆ ಹಾಕಿತು. ಊರಿನವರಿಗೇ ಮನೆ ಸಿಗುತ್ತಿಲ್ಲ ಅನ್ನುವ ಸ್ಥಿತಿ ಬಂದಾಗ ಇನ್ನೇನು ಮಾಡುತ್ತಾರೆ? ನಾವು ಎಲ್ಲಿ ರಾತ್ರಿ ಕಳೆಯುತ್ತೇವೆ ಅನ್ನುವುದು ಆ ಊರಿಗೂ ಮುಖ್ಯ, ನಮಗೂ ಮುಖ್ಯ.

ಈಗ ಕಲೆಯ ಮಾತು. ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಇದೇ.

"ಕಲೆ ಎಲ್ಲ ಟಸ್ಕನಿಯಲ್ಲಿದೆ, ಉಂಬ್ರಿಯಾದಲ್ಲಿ ಬರೀ ಹಸಿರು" ಅಂತ ಹೇಳುವವರಿದ್ದಾರೆ. ಅವರು ಅಸ್ಸೀಸಿಯ ಸಂತ ಫ್ರಾನ್ಸಿಸ್ ಬೆಸಿಲಿಕಾದೊಳಗೆ ಒಮ್ಮೆ ಕಾಲಿಡಬೇಕು. ಫ್ರಾನ್ಸಿಸ್ ತೀರಿಕೊಂಡದ್ದು 1226ರಲ್ಲಿ. ಎರಡೇ ವರ್ಷದಲ್ಲಿ ಅವರನ್ನು ಸಂತ ಎಂದು ಘೋಷಿಸಿ, ಅದೇ 1228ರಲ್ಲಿ ಈ ಚರ್ಚಿನ ಕೆಲಸ ಶುರು ಮಾಡಿದರು. ಒಂದರ ಮೇಲೊಂದು ಎರಡು ಚರ್ಚುಗಳು. ಗೋಡೆಗೆ ಬಣ್ಣ ಹಚ್ಚಲು ಬಂದವರು ಯಾರು ಗೊತ್ತಾ? ಫ್ಲಾರೆನ್ಸ್‌ನಿಂದ ಚಿಮಬುವೆ. ಸಿಯೆನಾದಿಂದ ಸಿಮೊನೆ ಮಾರ್ಟಿನಿ ಮತ್ತು ಪಿಯೆಟ್ರೊ ಲೊರೆನ್ಸೆಟ್ಟಿ. ಮೇಲಿನ ಚರ್ಚಿನಲ್ಲಿ ಫ್ರಾನ್ಸಿಸರ ಬದುಕನ್ನು ಹೇಳುವ 28 ಚಿತ್ರಗಳಿವೆ. ಅವು ಫ್ಲಾರೆನ್ಸ್‌ನ ಜೊತ್ತೊ ಬರೆದದ್ದು ಅಂತ ಬಹುಕಾಲದ ನಂಬಿಕೆ. ವಿದ್ವಾಂಸರ ನಡುವೆ ಅದರ ಬಗ್ಗೆ ಇನ್ನೂ ಜಗಳ ಇದೆ. ಯಾರೇ ಬರೆದಿರಲಿ, ಹಕ್ಕಿಗಳಿಗೆ ಉಪದೇಶ ಮಾಡುವ ಫ್ರಾನ್ಸಿಸರ ಚಿತ್ರದ ಮುಂದೆ ನಿಂತರೆ ಬೇಗ ಕಾಲು ಕೀಳಲು ಮನಸ್ಸಾಗುವುದಿಲ್ಲ.

ಅಸ್ಸೀಸಿ ಒಂದೇ ಅಲ್ಲ. ಪೆರೂಜಾದ ಚೌಕದಲ್ಲಿರುವ ದೊಡ್ಡ ಕಾರಂಜಿ 1278ರ ಹೊತ್ತಿಗೆ ಮುಗಿಯಿತು. ಅದನ್ನು ಕೆತ್ತಿದವರು ನಿಕೊಲಾ ಪಿಸಾನೊ ಮತ್ತು ಅವರ ಮಗ ಜೊವಾನ್ನಿ, ಪೀಸಾದ ಹೆಸರನ್ನೇ ತಮ್ಮ ಹೆಸರಿನಲ್ಲಿ ಇಟ್ಟುಕೊಂಡ ಶಿಲ್ಪಿಗಳು. ಓರ್ವಿಯೆಟೊದ ದೊಡ್ಡ ಚರ್ಚಿನೊಳಗೆ ಒಂದು ಪಕ್ಕದ ಗುಡಿಯಿದೆ. ಅದರ ಮೇಲ್ಛಾವಣಿ ಶುರು ಮಾಡಿದ್ದು ಫ್ರಾ ಆಂಜೆಲಿಕೊ. 1499ರಲ್ಲಿ ಕೆಲಸ ಕೈಗೆತ್ತಿಕೊಂಡು ಮುಗಿಸಿದ್ದು ಟಸ್ಕನಿಯ ಕೊರ್ಟೋನಾದಿಂದ ಬಂದ ಲೂಕಾ ಸಿನ್ಯೊರೆಲ್ಲಿ. ಲೋಕದ ಕೊನೆಯ ದಿನ ಸತ್ತವರು ನೆಲದಿಂದ ಎದ್ದು ಬರುವ ದೃಶ್ಯ, ನರಕದ ಗದ್ದಲ, ಎಲ್ಲ ಅಲ್ಲಿದೆ.

ಟಸ್ಕನಿಯ ಹಲವು ದೊಡ್ಡ ಕಲಾವಿದರು ತಮ್ಮ ಮುಖ್ಯ ಕೆಲಸಗಳಲ್ಲಿ ಕೆಲವನ್ನು ಉಂಬ್ರಿಯಾದ ಗೋಡೆಗಳ ಮೇಲೆ ಬಿಟ್ಟು ಹೋಗಿದ್ದಾರೆ. ಗೋಡೆಯ ಮೇಲಿನ ಚಿತ್ರ ಅಷ್ಟು ಸುಲಭವಾಗಿ ಮ್ಯೂಸಿಯಂಗೆ ಹೋಗುವುದಿಲ್ಲ. ಅವರು ಎಲ್ಲಿ ಬರೆದರೋ ಅಲ್ಲೇ ಇದೆ. ಅದೇ ಕಿಟಕಿಯ ಬೆಳಕು, ಕೆಳಗೆ ಅದೇ ಪ್ರಾರ್ಥನೆ. ಅಸ್ಸೀಸಿಯ ಬೆಸಿಲಿಕಾಕ್ಕೆ ಟಿಕೆಟ್ ಕೂಡ ಇಲ್ಲ. ಉಫೀಜಿಗೆ ತಿಂಗಳ ಮುಂಚೆ ಸಮಯ ಕಾದಿರಿಸಿ ಓಡುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ?

ಈ ಚಿತ್ರಗಳು ಈಗ ನಮ್ಮ ಕಣ್ಣಿಗೆ ಸಿಗುತ್ತಿರುವುದೇ ದೊಡ್ಡ ವಿಷಯ. 1997ರ ಸೆಪ್ಟೆಂಬರ್ 26ರಂದು ಭೂಕಂಪವಾಗಿ ಅಸ್ಸೀಸಿಯ ಮೇಲಿನ ಚರ್ಚಿನ ಛಾವಣಿಯ ಭಾಗ ಕುಸಿಯಿತು. ಹಿಂದಿನ ರಾತ್ರಿಯ ಕಂಪನದಿಂದ ಏನೇನು ಹಾನಿಯಾಗಿದೆ ಅಂತ ನೋಡಲು ಒಳಗೆ ಹೋಗಿದ್ದವರಲ್ಲಿ ನಾಲ್ವರು ತೀರಿಕೊಂಡರು. ಆಮೇಲೆ ನೆಲಕ್ಕೆ ಬಿದ್ದ ಸಾವಿರಾರು ಬಣ್ಣದ ಚೂರುಗಳನ್ನು ಒಂದೊಂದಾಗಿ ಆರಿಸಿ, ಹೊಂದಿಸಿ, ಸಾಧ್ಯವಾದಷ್ಟನ್ನು ಮತ್ತೆ ಮೇಲೆ ಕೂರಿಸಿದರು. 1999ರಲ್ಲಿ ಚರ್ಚು ಮತ್ತೆ ತೆರೆಯಿತು. ತಲೆಯೆತ್ತಿ ನೋಡಿದರೆ ಅಲ್ಲಲ್ಲಿ ಖಾಲಿ ಜಾಗ ಕಾಣುತ್ತದೆ. ಅದನ್ನೂ ನೋಡಿ.

ಓಡಾಟದ ವಿಷಯ. ಇಲ್ಲೇ ನಮ್ಮವರು ಜಾಸ್ತಿ ಒದ್ದಾಡುವುದು. ಟಸ್ಕನಿ ಅಂದಾಗ ಎಲ್ಲರ ಕಣ್ಣಿಗೆ ಬರುವ ಸೈಪ್ರೆಸ್ ಮರಗಳ ಸಾಲು ವಾಲ್ ದೋರ್ಚಾ ಕಣಿವೆಯದ್ದು. ಅಲ್ಲಿ ಕಾರಿಲ್ಲದೆ ತಿರುಗುವುದು ಕಷ್ಟ. ಅಲ್ಲಿನ ಪಿಯೆಂಜಾ ಊರಿಗೆ ರೈಲು ಇಲ್ಲ. ಸಾನ್ ಜಿಮಿನ್ಯಾನೊಕ್ಕೂ ಇಲ್ಲ. ಕಾರು ಓಡಿಸಲು ನಮ್ಮ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರವಾನಗಿ ಬೇಕು. ಹಳೆ ಊರುಗಳ ಒಳಗೆ ಹೊರಗಿನ ವಾಹನ ನುಗ್ಗದಂತೆ ಝಡ್‌ಟಿಎಲ್ ಅನ್ನುವ ವಲಯ ಮಾಡಿ ಕ್ಯಾಮೆರಾ ಇಟ್ಟಿರುತ್ತಾರೆ. ಗೊತ್ತಿಲ್ಲದೆ ಒಳಗೆ ಹೋದರೆ ತಿಂಗಳುಗಳ ನಂತರ ಮನೆಗೆ ದಂಡದ ಚೀಟಿ ಬರುತ್ತದೆ. ಈ ವಲಯಗಳು ಉಂಬ್ರಿಯಾದಲ್ಲೂ ಇವೆ, ಆದರೆ ಅಲ್ಲಿ ನಿಮಗೆ ಕಾರಿನ ಹಂಗು ಕಡಿಮೆ.

ಯಾಕಂದರೆ ಒಂದು ರೈಲು ದಾರಿ ಹಲವು ಮುಖ್ಯ ಊರುಗಳನ್ನು ಪೋಣಿಸಿಕೊಂಡು ಹೋಗುತ್ತದೆ. ಟೆರೊಂಟೊಲಾದಿಂದ ಹೊರಟು ಟ್ರಾಸಿಮೆನೊ ಸರೋವರದ ದಡ, ಪೆರೂಜಾ, ಅಸ್ಸೀಸಿ, ಸ್ಪೆಲ್ಲೊ, ಫೊಲಿನ್ಯೊ. ಅಲ್ಲಿಂದ ಸ್ಪೊಲೆಟೊ, ಟೆರ್ನಿ, ಮುಂದೆ ರೋಮ್. ಪೆರೂಜಾದಿಂದ ಅಸ್ಸೀಸಿಗೆ ಅರ್ಧ ಗಂಟೆಯೂ ಬೇಡ. ಅದೇ ರೈಲು ದಾರಿಯಲ್ಲಿ ಇನ್ನೊಂದು ದಿಕ್ಕಿಗೆ ಹೋದರೆ ಪೆರೂಜಾದಿಂದ ಸುಮಾರು ಎರಡು ಗಂಟೆಯಲ್ಲಿ ಫ್ಲಾರೆನ್ಸ್. ಬೆಳಿಗ್ಗೆ ಹೋಗಿ ಡೇವಿಡ್ ನೋಡಿ ರಾತ್ರಿ ಊಟಕ್ಕೆ ವಾಪಸ್ ಬರಬಹುದು. ಒಂದು ಎಚ್ಚರಿಕೆ: ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮುಂಚೆ ಸ್ಟೇಷನ್ನಿನ ಮೆಷಿನ್ನಿನಲ್ಲಿ ಮುದ್ರೆ ಒತ್ತಿಸಿ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಗುಡ್ಡದ ಊರು ಅಂದರೆ ಹೆದರುತ್ತಾರೆ. ನನ್ನ ಅಮ್ಮನಿಗೂ ಮಂಡಿ ನೋವು. ಆದರೂ ನಿಭಾಯಿಸಲು ಆಯಿತು. ಪೆರೂಜಾದಲ್ಲಿ ಸ್ಟೇಷನ್ನಿನಿಂದ ಮೇಲಿನ ಊರಿಗೆ ಮಿನಿಮೆಟ್ರೊ ಅನ್ನುವ ಪುಟ್ಟ ಡಬ್ಬಿಗಳು ಓಡುತ್ತವೆ. ಇನ್ನೊಂದು ಕಡೆಯಿಂದ ಎಸ್ಕಲೇಟರ್ ಇದೆ, ಅದು ಹೋಗುವುದೇ ನೆಲದಡಿಯ ಹಳೆ ಬೀದಿಗಳ ನಡುವೆ. 1540ರಲ್ಲಿ ಪೋಪ್ ಮೂರನೇ ಪಾಲ್ ಊರನ್ನು ಸೋಲಿಸಿ, ಮನೆಗಳ ಮೇಲೆಯೇ ಕೋಟೆ ಕಟ್ಟಿಸಿದ್ದ. ಆ ಮುಚ್ಚಿಹೋದ ಓಣಿಗಳು, ಬಾಗಿಲುಗಳು ಇವತ್ತು ಎಸ್ಕಲೇಟರ್ ಪಕ್ಕದಲ್ಲೇ ಕಾಣುತ್ತವೆ. ಸ್ಪೊಲೆಟೊದಲ್ಲೂ ಎಸ್ಕಲೇಟರ್ ಇವೆ. ಓರ್ವಿಯೆಟೊದಲ್ಲಿ ರೈಲಿಳಿದು ಎದುರಿನ ಕೇಬಲ್ ಬಂಡಿ ಹತ್ತಿದರೆ ಬಂಡೆಯ ತುದಿಯಲ್ಲಿ ಇಳಿಸುತ್ತದೆ. ಅಲ್ಲಿನ ಸಂತ ಪ್ಯಾಟ್ರಿಕ್ ಬಾವಿಗೆ ಮಾತ್ರ ಮಂಡಿ ಗಟ್ಟಿ ಇರುವವರೇ ಇಳಿಯಿರಿ. 53 ಮೀಟರ್ ಆಳ, 248 ಮೆಟ್ಟಿಲು. ಇಳಿಯುವವರು ಹತ್ತುವವರಿಗೆ ಎದುರಾಗದ ಹಾಗೆ ಒಂದಕ್ಕೊಂದು ಸುತ್ತಿಕೊಂಡ ಎರಡು ಮೆಟ್ಟಿಲ ಸಾಲು. 1537ರಲ್ಲಿ ಮುಗಿದ ಕೆಲಸ ಅದು. ನೀರು ತರುವ ಹೇಸರಗತ್ತೆಗಳಿಗೆಂದು ಈ ಏರ್ಪಾಟು.

ಊಟ. ಸಸ್ಯಾಹಾರಿಗಳಿಗೆ ಆಯ್ಕೆ ಟಸ್ಕನಿಯಲ್ಲಿ ಜಾಸ್ತಿ ಅಂತಲೇ ಹೇಳಬೇಕು. ರಿಬೊಲ್ಲಿತಾ ಅನ್ನುವ ಕಾಳು ಸೊಪ್ಪಿನ ಗಟ್ಟಿ ಸೂಪು, ಟೊಮೆಟೊ ಬ್ರೆಡ್ಡಿನ ಪಾಪಾ ಅಲ್ ಪೊಮೊದೊರೊ, ದಪ್ಪ ಎಳೆಗಳ ಪೀಚಿ ಪಾಸ್ತಾ. ಉಂಬ್ರಿಯಾ ಹಂದಿ ಮಾಂಸಕ್ಕೆ ಹೆಸರಾದ ನಾಡು. ಆದರೂ ಹೊಟ್ಟೆ ತುಂಬುತ್ತದೆ. ಕಾವಲಿಯ ಮೇಲೆ ಬೇಯಿಸುವ ತೋರ್ತಾ ಅಲ್ ತೆಸ್ತೊ ಅನ್ನುವ ರೊಟ್ಟಿಯ ಒಳಗೆ ಸೊಪ್ಪಿನ ಪಲ್ಯ ತುಂಬಿ ಕೊಡುತ್ತಾರೆ, ನನಗೆ ಬಹಳ ಇಷ್ಟ. ಕಾಸ್ಟೆಲ್ಲುಚೊ ಊರಿನ ಸಣ್ಣ ಬೇಳೆಕಾಳಿನ ಸೂಪಿನ ರುಚಿ ಮರೆಯುವಂಥದ್ದಲ್ಲ. ಆದರೆ ಕೇಳಿ ತಗೊಳ್ಳಿ, ಕೆಲವರು ಮಾಂಸದ ಚೂರು ಹಾಕುತ್ತಾರೆ. ಕಪ್ಪು ಟ್ರಫಲ್ ಅನ್ನುವ ನೆಲದಡಿಯ ಅಣಬೆ ಹಾಕಿದ ಪಾಸ್ತಾದಲ್ಲೂ ಕೆಲವೊಮ್ಮೆ ಸಣ್ಣ ಮೀನು ಅರೆದು ಹಾಕಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. "ಸೆನ್ಸಾ ಕಾರ್ನೆ, ಸೆನ್ಸಾ ಪೆಷೆ" ಅಂತ ಹೇಳಿ, ಅಂದರೆ ಮಾಂಸ ಬೇಡ, ಮೀನು ಬೇಡ. ಎರಡೂ ಕಡೆ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಸಪ್ಪೆ ಅನಿಸಿದರೆ ಆಲಿವ್ ಎಣ್ಣೆ ಸುರಿದು ಉಪ್ಪು ಉದುರಿಸಿಕೊಳ್ಳಿ.

ಟೆರ್ನಿ ಹತ್ತಿರದ ಮಾರ್ಮೊರೆ ಜಲಪಾತ ನೋಡಿದಾಗ ನನಗೆ ಜೋಗ ನೆನಪಾಯಿತು. ಅಲ್ಲೂ ನೀರು ವಿದ್ಯುತ್ತಿಗೆ ಹೋಗುತ್ತದೆ, ನೋಡುವವರಿಗೆ ಉಳಿದದ್ದು ಸಿಗುತ್ತದೆ. ವ್ಯತ್ಯಾಸ ಏನೆಂದರೆ ಈ ಜಲಪಾತವನ್ನೇ ಮನುಷ್ಯರು ಮಾಡಿದ್ದು. ಕ್ರಿಸ್ತಪೂರ್ವ 271ರಲ್ಲಿ ರೋಮನ್ನರು ಜೌಗು ಒಣಗಿಸಲು ವೆಲಿನೊ ನದಿಯನ್ನು ಬಂಡೆಯ ಅಂಚಿಗೆ ತಿರುಗಿಸಿದರು. ಒಟ್ಟು 165 ಮೀಟರ್ ಎತ್ತರ. ಈಗ ಹೊತ್ತು ಗೊತ್ತು ಮಾಡಿ ನೀರು ಬಿಡುತ್ತಾರೆ, ಅದಕ್ಕೆ ಮೊದಲು ಸೈರನ್ ಕೂಗುತ್ತದೆ. ವೇಳಾಪಟ್ಟಿ ನೋಡದೆ ಸುಮ್ನೆ ಹೋಗಬೇಡಿ.

ಒಂದು ದಿನ ಕಾರು ಬಾಡಿಗೆಗೆ ತಗೊಳ್ಳುವುದಾದರೆ ನೋರ್ಚಾ, ಕಾಸ್ಟೆಲ್ಲುಚೊ ಕಡೆಗೆ ಹೋಗಿ. 2016ರ ಅಕ್ಟೋಬರ್ 30ರ ಭೂಕಂಪದಲ್ಲಿ ನೋರ್ಚಾದ ಸಂತ ಬೆನೆಡಿಕ್ಟ್ ಬೆಸಿಲಿಕಾದಲ್ಲಿ ಮುಂಭಾಗದ ಗೋಡೆ ಬಿಟ್ಟು ಬಹುತೇಕ ಎಲ್ಲ ಬಿದ್ದಿತ್ತು. ಕಾಸ್ಟೆಲ್ಲುಚೊ ಊರಂತೂ ಹೆಚ್ಚುಕಡಿಮೆ ನೆಲಸಮವಾಯಿತು. ಜನ ಊರು ಖಾಲಿ ಮಾಡಬೇಕಾಯಿತು. ಆದರೂ ಬೇಳೆ ಬಿತ್ತುವುದನ್ನು ನಿಲ್ಲಿಸಲಿಲ್ಲ. ಜೂನ್ ಕೊನೆಯಿಂದ ಜುಲೈ ಮೊದಲ ವಾರಗಳವರೆಗೆ ಆ ಬಯಲಿನ ಹೊಲಗಳಲ್ಲಿ ಬೇಳೆ ಗಿಡದ ನಡುವೆ ಕೆಂಪು, ನೀಲಿ, ಹಳದಿ ಹೂವು ತುಂಬಿಕೊಳ್ಳುತ್ತವೆ. ಅಲ್ಲಿ ಊಟ ಮಾಡಿ, ಒಂದು ಚೀಲ ಬೇಳೆ ಕೊಳ್ಳಿ. ನಿಮ್ಮ ದುಡ್ಡು ಅಲ್ಲಿ ಬೇಕಾದವರ ಕೈಗೆ ಹೋಗುತ್ತದೆ.

ಟಸ್ಕನಿಯಲ್ಲೇ ಉಳಿಯಬೇಕಾದವರೂ ಇದ್ದಾರೆ. ಮಕ್ಕಳಿಗೆ ಸಮುದ್ರ ಬೇಕೇ ಬೇಕು ಅಂದರೆ ಉಂಬ್ರಿಯಾ ಆಗದು. ಇರುವುದೇ ಮೂರು ದಿನ, ಮೊದಲ ಸಲ ಇಟಲಿ ಅಂದರೆ ಫ್ಲಾರೆನ್ಸ್‌ನಲ್ಲೇ ಇರಿ, ಎರಡನೇ ಮಾತು ಬೇಡ. ಸೈಕಲ್ ಇಷ್ಟಪಡುವವರು ಲುಕ್ಕಾದಲ್ಲಿ ಇಳಿದುಕೊಳ್ಳಿ, ನಾಲ್ಕು ಕಿಲೋಮೀಟರ್ ಉದ್ದದ ಕೋಟೆ ಗೋಡೆಯ ಮೇಲೆ ಮರದ ನೆರಳಲ್ಲಿ ಸುತ್ತು ಹೊಡೆಯಬಹುದು.

ಒಂದು ವಾರ ಕೈಲಿರುವವರಿಗೆ ನನ್ನ ಸಲಹೆ ಸ್ಪೆಲ್ಲೊ ಅಥವಾ ಫೊಲಿನ್ಯೊ. ಸ್ಪೆಲ್ಲೊ ಚೆಂದ, ಫೊಲಿನ್ಯೊ ಸಪಾಟು ನೆಲದಲ್ಲಿದೆ, ರೈಲುಗಳೂ ಜಾಸ್ತಿ. ಮೇ ಅಥವಾ ಸೆಪ್ಟೆಂಬರ್ ಒಳ್ಳೆಯ ತಿಂಗಳು. ಜುಲೈನಲ್ಲಿ ಪೆರೂಜಾದಲ್ಲಿ 1973ರಲ್ಲಿ ಶುರುವಾದ ಜಾಝ್ ಉತ್ಸವ ಇರುತ್ತದೆ, ಆ ದಿನಗಳಲ್ಲಿ ರೂಮ್ ಸಿಗುವುದು ಕಷ್ಟ. ಅಕ್ಟೋಬರ್ 4 ಸಂತ ಫ್ರಾನ್ಸಿಸರ ಹಬ್ಬ, ಅಸ್ಸೀಸಿ ತುಂಬಿರುತ್ತದೆ. ಬೇರೆ ದಿನಗಳಲ್ಲಿ ಅಸ್ಸೀಸಿಗೆ ಬೆಳಿಗ್ಗೆ ಬೇಗ ಹೋಗಿ, ಬಸ್ಸುಗಳು ಬರುವ ಮುಂಚೆ ಕೆಳಗಿನ ಚರ್ಚಿನಿಂದ ಶುರು ಮಾಡಿ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಂಡಿರಿ, ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತಾರೆ.