ಉದುರುವ ಕೂದಲು: ಊರಿನ ಮಾತು, ಹೊರನಾಡಿನ ಮಾತ್ರೆ

ಹೆರಿಗೆಯಾಗಿ ಮೂರು ತಿಂಗಳು ತುಂಬುವ ಹೊತ್ತಿಗೆ ಬಚ್ಚಲ ಜಾಲರಿಯಲ್ಲಿ ಕೂದಲಿನ ಉಂಡೆ ಕಾಣಿಸಿಕೊಳ್ಳುತ್ತದೆ. ಹೊರನಾಡಿನಲ್ಲಿರುವ ತಾಯಿಗೆ ಆಗ ಎರಡು ಕಡೆಯಿಂದ ಸಲಹೆ. ‘ಅಲ್ಲಿನ ನೀರು ಒಗ್ಗಿಲ್ಲ, ಎಣ್ಣೆ ತಿಕ್ಕಿ ಬಿಗಿಯಾಗಿ ಜಡೆ ಹಾಕ್ಕೋ’ ಎನ್ನುತ್ತದೆ ಊರಿನ ಫೋನು. ಇಲ್ಲಿನ ಗೆಳತಿಯರು ಬಯೋಟಿನ್ ಎಂಬ ವಿಟಮಿನ್ ಮಾತ್ರೆಯ ಡಬ್ಬಿಯ ಫೋಟೊ ಕಳಿಸುತ್ತಾರೆ. ಎರಡೂ ಅಕ್ಕರೆಯ ಮಾತೇ. ಆದರೆ ಇಬ್ಬರೂ ಕಾರಣವನ್ನು ಈ ವಾರದಲ್ಲಿ ಹುಡುಕುತ್ತಿದ್ದಾರೆ. ಕಾರಣ ಇರುವುದು ಮೂರು ತಿಂಗಳ ಹಿಂದೆ.

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ಅವುಗಳಲ್ಲಿ ನೂರಕ್ಕೆ 85ರಿಂದ 90 ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿದ್ದು ದಿನಕ್ಕೆ 50ರಿಂದ 100ರಷ್ಟು ಉದುರುತ್ತವೆ. ಬಸುರಿನಲ್ಲಿ ಈಸ್ಟ್ರೊಜೆನ್ ಹಾರ್ಮೋನು ಏರಿರುವುದರಿಂದ ವಿಶ್ರಾಂತಿಗೆ ಹೋಗಬೇಕಾದ ಕೂದಲೂ ಬೆಳೆಯುತ್ತಲೇ ಇರುತ್ತದೆ. ಜಡೆ ದಪ್ಪಗಾಗುವುದು ಅದಕ್ಕೇ. ಹೆರಿಗೆಯಾದ ಕೂಡಲೇ ಈಸ್ಟ್ರೊಜೆನ್ ಸರ್ರನೆ ಇಳಿಯುತ್ತದೆ, ಬಾಕಿ ನಿಂತಿದ್ದ ಕೂದಲೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತದೆ. ಆ ವಿಶ್ರಾಂತಿ ಸುಮಾರು ಮೂರು ತಿಂಗಳಿನದು. ಹಾಗಾಗಿ ಉದುರುವುದು ಎರಡರಿಂದ ನಾಲ್ಕನೇ ತಿಂಗಳಿನಲ್ಲಿ ಶುರುವಾಗಿ, ನಾಲ್ಕನೇ ತಿಂಗಳ ಆಸುಪಾಸಿನಲ್ಲಿ ಜೋರಾಗಿ, ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಹೆಚ್ಚಿನವರಲ್ಲಿ ತಹಬಂದಿಗೆ ಬರುತ್ತದೆ. ಬೇರು ಸತ್ತಿರುವುದಿಲ್ಲ. ಹಳೆಯ ಕೂದಲು ಬಿದ್ದ ಕುಳಿಯಲ್ಲೇ ಹೊಸದು ಹುಟ್ಟುತ್ತದೆ.

ಹಾಗಾದರೆ ನೀರಿನ ಪಾಲು ಏನೂ ಇಲ್ಲವೇ? ಬಿದ್ದ ಕೂದಲಿನ ತುದಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಬಿಳಿ ಗಂಟು ಇದ್ದರೆ ಅದು ಬುಡದಿಂದಲೇ ಬಂದದ್ದು. ಬಾಣಂತಿಯರ ಉದುರುವಿಕೆ ಇದೇ. ಗಂಟು ಕಂಡು ‘ಬೇರೇ ಕಿತ್ತುಬಂತು’ ಎಂದು ಹೆದರಬೇಕಿಲ್ಲ. ಗಂಟೇ ಇಲ್ಲದ, ಉದ್ದ ಒಂದೇ ಸಮನಿರದ ತುಂಡುಗಳಾದರೆ ಕೂದಲು ನಡುವೆ ಮುರಿಯುತ್ತಿದೆ. ಗಡಸು ನೀರು ಕೂದಲನ್ನು ಒರಟಾಗಿಸುತ್ತದೆ, ಸಿಕ್ಕು ಹೆಚ್ಚಿಸುತ್ತದೆ. ಅದರ ಪಾಲು ಅಷ್ಟೇ. ಹೊಸ ಊರಿಗೆ ಹೋದ ಹೆಣ್ಣುಮಗಳು ‘ಇಲ್ಲಿಗೆ ಬಂದೇ ತಪ್ಪಾಯಿತು’ ಎಂದು ಕೊರಗಲು ಇದು ಕಾರಣವಾಗಬಾರದು.

ಎಣ್ಣೆಯ ವಿಷಯದಲ್ಲಿ ಊರಿನವರ ಮಾತು ಅರ್ಧ ಸರಿ. ಎಣ್ಣೆ ಕೂದಲನ್ನು ನುಣುಪು ಮಾಡಿ ಮುರಿಯುವುದನ್ನು ತಗ್ಗಿಸುತ್ತದೆ. ಬುಡದೊಳಗಿನ ವಿಶ್ರಾಂತಿಯ ಲೆಕ್ಕವನ್ನು ಬದಲಿಸುವುದಿಲ್ಲ. ತಿಕ್ಕಿದಾಗ ಕೈತುಂಬ ಬರುವುದು ಆಗಲೇ ಸಡಿಲವಾಗಿದ್ದ ಕೂದಲು, ಎಣ್ಣೆಯಿಂದ ಉದುರಿದ್ದಲ್ಲ. ತಲೆಯಲ್ಲಿ ಜಿಡ್ಡಿನ ಹೊಟ್ಟು ಇದ್ದರೆ ಮಾತ್ರ ಎಣ್ಣೆ ಅದನ್ನು ಹೆಚ್ಚಿಸೀತು. ನಾನು ಒಪ್ಪದಿರುವುದು ಬಿಗಿ ಜಡೆಯನ್ನು. ಮುಂದಲೆ, ಕಪಾಲದ ಬದಿ ಆಗಲೇ ತೆಳುವಾಗಿರುವಾಗ ದಿನವೂ ಎಳೆದು ಕಟ್ಟಿದರೆ ಆ ಎಳೆತವೇ ಇನ್ನೊಂದು ಬಗೆಯ ಉದುರುವಿಕೆಯನ್ನು ತಂದೀತು. ವರ್ಷಗಟ್ಟಲೆ ಮುಂದುವರಿದರೆ ಅದು ಮರಳಿ ಬಾರದು. ಸಡಿಲ ಜಡೆ, ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಸಿಕ್ಕು ಬಿಡಿಸುತ್ತಾ ಮೇಲಕ್ಕೆ ಬರುವುದು, ಇಷ್ಟು ಸಾಕು. ಉದುರುತ್ತದೆಂದು ತಲೆಸ್ನಾನ ಮುಂದೂಡಿದರೆ ನಾಲ್ಕು ದಿನದ್ದು ಒಂದೇ ದಿನ ಬಿದ್ದು ಗಾಬರಿ ಹೆಚ್ಚುತ್ತದೆ. ಮೊಲೆಹಾಲು ಬಿಡಿಸಿದರೆ ನಿಲ್ಲುತ್ತದೆ ಎನ್ನುವುದಕ್ಕೂ ಆಧಾರವಿಲ್ಲ.

ಇನ್ನು ಡಬ್ಬಿ. ಹಾಲೂಡಿಸುವ ತಾಯಿಗೆ ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 35 ಮೈಕ್ರೊಗ್ರಾಂ. ಕೂದಲಿಗೆಂದು ಮಾರುವ ಎಷ್ಟೋ ಮಾತ್ರೆಗಳಲ್ಲಿ 5,000ದಿಂದ 10,000 ಮೈಕ್ರೊಗ್ರಾಂ ಇರುತ್ತದೆ. ಕೊರತೆ ಇಲ್ಲದವರಿಗೆ ಇದರಿಂದ ಕೂದಲು ಬೆಳೆಯುತ್ತದೆಂಬುದು ಸಾಬೀತಾಗಿಲ್ಲ. ಐದನೇ ತಿಂಗಳಲ್ಲಿ ಶುರು ಮಾಡಿದವರಿಗೆ ಎಂಟನೇ ತಿಂಗಳಲ್ಲಿ ಗುಣ ಕಾಣುತ್ತದೆ, ನಿಜ. ತಾನಾಗಿಯೇ ನಿಲ್ಲುವ ಕಾಲವೂ ಅದೇ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಇಷ್ಟು ಬಯೋಟಿನ್ ರಕ್ತದಲ್ಲಿದ್ದರೆ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಪರೀಕ್ಷೆಯೇ ತಪ್ಪಾಗುತ್ತದೆ. ಟಿಎಸ್‌ಎಚ್ ಕಡಿಮೆಯಾಗಿಯೂ ಟಿ4 ಹೆಚ್ಚಾಗಿಯೂ ಕಂಡು (ಇವೆರಡೂ ಥೈರಾಯ್ಡಿನ ಕೆಲಸವನ್ನು ತೋರುವ ಹಾರ್ಮೋನುಗಳು), ಇಲ್ಲದ ಕಾಯಿಲೆ ಇದ್ದಂತೆ ತೋರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಎರಡು ಮೂರು ದಿನ ಮೊದಲು ನಿಲ್ಲಿಸಿ, ವೈದ್ಯರಿಗೂ ಹೇಳಿ. ಕೂದಲು ಬೆಳೆಸಲು ತಲೆಗೆ ಹಚ್ಚುವ ಔಷಧ ಮಿನಾಕ್ಸಿಡಿಲ್ ಅನ್ನು ಹಾಲೂಡಿಸುವಾಗ ಸ್ವಂತ ಬುದ್ಧಿಯಿಂದ ಹಚ್ಚಬೇಡಿ.

ಹೊರನಾಡಿನ ಪದ್ಧತಿಯಲ್ಲಿ ನಾನು ಮನಸಾರೆ ಒಪ್ಪುವುದು ರಕ್ತಪರೀಕ್ಷೆಯನ್ನು. ಹೆರಿಗೆಯಲ್ಲಿ ರಕ್ತ ಹೋದವರು, ಬಸುರಿನಲ್ಲೇ ರಕ್ತಹೀನತೆ ಇದ್ದವರು ಹಿಮೋಗ್ಲೋಬಿನ್ ಜೊತೆ ದೇಹದ ಕಬ್ಬಿಣದ ಸಂಗ್ರಹವನ್ನು ತೋರುವ ಫೆರಿಟಿನ್ ಕೂಡ ನೋಡಿಸಬೇಕು. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ಸಂಗ್ರಹ ಬರಿದಾಗಿರಬಹುದು. ಹೆರಿಗೆಯ ನಂತರದ ಮೊದಲ ವರ್ಷ ಥೈರಾಯ್ಡ್ ಉರಿಯೂತ ಬರುವುದೂ ಅಪರೂಪವಲ್ಲ. ಮೊದಲು ಎದೆಬಡಿತ, ಬೆವರು. ಕೆಲವು ತಿಂಗಳ ಮೇಲೆ ಸುಸ್ತು, ಚಳಿ, ಮಲಬದ್ಧತೆ. ಇವನ್ನೆಲ್ಲ ‘ಬಾಣಂತಿಗೆ ಇದ್ದದ್ದೇ’ ಎಂದು ತಳ್ಳಿಹಾಕುವುದು ನಮ್ಮಲ್ಲಿ ಹೆಚ್ಚು. ದುಂಡನೆಯ ಬೋಳು ಮಚ್ಚೆ, ನೆತ್ತಿಯ ಉರಿ ಅಥವಾ ಹುರುಪೆ, ವರ್ಷ ಕಳೆದರೂ ನಿಲ್ಲದ ಉದುರುವಿಕೆ ಇದ್ದರೆ ಚರ್ಮವೈದ್ಯರನ್ನು ಕಾಣಿ. ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾಗಿ, ಹಾಲು ಬಾರದೆ, ಮುಟ್ಟು ಮರಳದೆ, ಕಂಕುಳ ಕೂದಲೂ ಉದುರುತ್ತಿದ್ದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಪೆಟ್ಟಾಗಿರಬಹುದು, ಅದಕ್ಕೆ ತಡಮಾಡಬಾರದು.

ಎರಡೂ ಕಡೆಯವರು ಮರೆಯುವುದು ಮಗುವನ್ನು. ತಾಯಿಯ ಕೂದಲು ಹೆಚ್ಚು ಉದುರುವ ತಿಂಗಳುಗಳಲ್ಲೇ ಒಂದು ಎಳೆ ಕಾಲುಚೀಲದೊಳಗೆ ಸೇರಿ ಮಗುವಿನ ಕಾಲ್ಬೆರಳಿಗೆ ಸುತ್ತಿಕೊಳ್ಳಬಹುದು. ಒದ್ದೆಯಾದಾಗ ಹಿಗ್ಗುವ ಕೂದಲು ಒಣಗಿದಾಗ ಬಿಗಿಯುತ್ತದೆ, ಬೆರಳು ಕೆಂಪಾಗಿ ಊದುತ್ತದೆ, ರಕ್ತಸಂಚಾರವೇ ನಿಂತೀತು. ಕಾಲುಚೀಲ, ಕೈಗವಸುಗಳನ್ನು ಒಳಮಗ್ಗುಲು ಹೊರಳಿಸಿ ನೋಡಿ ತೊಡಿಸಿ. ಕಾರಣ ತಿಳಿಯದೆ ಮಗು ಒಂದೇ ಸಮ ಅಳುತ್ತಿದ್ದರೆ ಕೈಕಾಲಿನ ಪ್ರತಿ ಬೆರಳು, ಗಂಡುಮಗುವಾದರೆ ಶಿಶ್ನವನ್ನೂ ಬೆಳಕಿನಲ್ಲಿ ಪರೀಕ್ಷಿಸಿ. ಎಳೆ ಸಡಿಲವಿದ್ದರೆ ಮೆಲ್ಲಗೆ ಬಿಡಿಸಿ. ಊತದೊಳಗೆ ಹೂತು ಕಾಣದಂತಾಗಿದ್ದರೆ ಕತ್ತರಿ ಹಾಕಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.