ಸೈಕಲ್ ಮೀಟರಿನ ಕ್ಯಾಲೊರಿ ನಂಬಿ ಎರಡನೇ ಸಲ ಬಡಿಸಿಕೊಳ್ಳಬೇಡಿ

ಮನೆಯಲ್ಲಿ ನಾಬ್ ತಿರುಗಿಸುವ ವ್ಯಾಯಾಮದ ಸೈಕಲ್ ಇದ್ದರೆ ಇವತ್ತೇ ಒಂದು ಪರೀಕ್ಷೆ ಮಾಡಿ ನೋಡಿ. ನಾಬ್ ಪೂರ್ತಿ ಸಡಿಲ ಬಿಟ್ಟು, ನಿಮಿಷಕ್ಕೆ 60 ಸುತ್ತಿನಂತೆ ಐದು ನಿಮಿಷ ತುಳಿದು, ಮೀಟರ್ ತೋರಿಸಿದ ಕ್ಯಾಲೊರಿ ಬರೆದಿಟ್ಟುಕೊಳ್ಳಿ. ಸ್ವಲ್ಪ ಸುಧಾರಿಸಿಕೊಂಡು, ತೊಡೆಗೆ ಭಾರ ಗೊತ್ತಾಗುವಷ್ಟು ಟೈಟ್ ಮಾಡಿ, ಅದೇ ವೇಗದಲ್ಲಿ ಮತ್ತೆ ಐದು ನಿಮಿಷ. ಎರಡೂ ಸಲ ಒಂದೇ ಅಂಕಿ ಬಂತೇ? ಹಾಗಾದರೆ ನೀವು ಪಟ್ಟ ಶ್ರಮ ಆ ಮೀಟರಿಗೆ ಗೊತ್ತೇ ಆಗಿಲ್ಲ.

ಅಗ್ಗದ ಸೈಕಲ್‌ಗಳಲ್ಲಿ ತಿರುಗುವ ಭಾಗಕ್ಕೆ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ. ಅದು ಸೆನ್ಸರ್ ಎದುರು ಹಾದಾಗಲೆಲ್ಲ ಒಂದು ಸುತ್ತು ಎಣಿಕೆಯಾಗುತ್ತದೆ. ನಾಬ್ ತಿರುಗಿಸಿದಾಗ ಪ್ಯಾಡ್ ಚಕ್ರವನ್ನು ಒತ್ತುವುದೇನೋ ನಿಜ, ಆದರೆ ಎಷ್ಟು ಒತ್ತಿತು ಎಂದು ಅಳೆಯುವವರು ಒಳಗೆ ಯಾರೂ ಇಲ್ಲ. ಸುತ್ತುಗಳನ್ನು ಒಂದು ಸ್ಥಿರ ಅಂಕಿಯಿಂದ ಗುಣಿಸಿದ್ದನ್ನೇ ಕ್ಯಾಲೊರಿ ಅಂತ ತೋರಿಸುತ್ತಾರೆ.

ನಂಬಬಹುದಾದ ಲೆಕ್ಕ ವ್ಯಾಟ್‌ನದು, ಅಂದರೆ ಪ್ರತಿ ಸೆಕೆಂಡಿಗೆ ಪೆಡಲ್‌ಗೆ ಎಷ್ಟು ಶಕ್ತಿ ಹೋಗುತ್ತಿದೆ ಎನ್ನುವ ಅಳತೆಯದು. ಸರಾಸರಿ ವ್ಯಾಟ್ ಅನ್ನು ಸೆಕೆಂಡುಗಳಿಂದ ಗುಣಿಸಿ 1000ದಿಂದ ಭಾಗಿಸಿದರೆ ಕಿಲೋಜೂಲ್ ಸಿಗುತ್ತದೆ. 100 ವ್ಯಾಟ್‌ನಲ್ಲಿ ಅರ್ಧ ಗಂಟೆ ಅಂದರೆ 180 ಕಿಲೋಜೂಲ್. ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲ್ ತಲುಪುವುದು ಸುಮಾರು 20ರಿಂದ 25 ಶೇಕಡಾ ಮಾತ್ರ, ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ಒಂದು ಕಿಲೋಕ್ಯಾಲೊರಿಗೆ (ನಾವು ಸುಮ್ಮನೆ ಕ್ಯಾಲೊರಿ ಅನ್ನುವುದು ಇದನ್ನೇ) 4.184 ಕಿಲೋಜೂಲ್. ಇವೆರಡೂ ಹೆಚ್ಚುಕಡಿಮೆ ಸರಿದೂಗುವುದರಿಂದ 180 ಕಿಲೋಜೂಲ್ ಕೆಲಸಕ್ಕೆ 170ರಿಂದ 215 ಕ್ಯಾಲೊರಿ ಅಂತ ಹಿಡಿಯಬಹುದು. ಮೀಟರ್ 400 ಅಂದರೆ ಅದು ಸುಳ್ಳು.

ತೂಕದ ವಿಷಯದಲ್ಲೂ ಬಹಳ ಜನ ಎಡವುತ್ತಾರೆ. ಓಡುವಾಗ ಮೈಭಾರ ನಾವೇ ಹೊರಬೇಕು, ಇಲ್ಲಿ ಸೀಟು ಹೊರುತ್ತದೆ. 60 ಕೆಜಿಯವರೂ 90 ಕೆಜಿಯವರೂ 100 ವ್ಯಾಟ್ ತುಳಿದರೆ ಖರ್ಚಿನಲ್ಲಿ ವ್ಯತ್ಯಾಸ ಇದೆ, ಆದರೆ ಒಂದೂವರೆ ಪಟ್ಟು ಖಂಡಿತ ಇಲ್ಲ.

ವ್ಯಾಟ್ ತೋರಿಸದ ಸೈಕಲ್ ಆದರೆ ಮೆಟ್ ಲೆಕ್ಕ ಹಾಕಿ: ಮೆಟ್ × ಕೆಜಿ × ಗಂಟೆ. ಮೆಟ್ ಅಂದರೆ ಸುಮ್ಮನೆ ಕೂತಾಗಿನ ಖರ್ಚಿನ ಎಷ್ಟು ಪಟ್ಟು ಎನ್ನುವ ಅಂಕಿ. ಇದು ಅಂದಾಜು ಮಾತ್ರ; ನೇರ ಕೆಜಿಯಿಂದ ಗುಣಿಸುವುದರಿಂದ ಭಾರದವರಿಗೆ ಹೆಚ್ಚು ತೋರಿಸುತ್ತದೆ. 30ರಿಂದ 50 ವ್ಯಾಟ್‌ನ ಹಗುರ ತುಳಿತಕ್ಕೆ 3.5, 90ರಿಂದ 100 ವ್ಯಾಟ್‌ನ ಜೋರು ತುಳಿತಕ್ಕೆ 6.8. ಅಂದರೆ 60 ಕೆಜಿಯವರಿಗೆ ಅರ್ಧ ಗಂಟೆಗೆ 105 ಅಥವಾ 204. ಹೊಸಬರು ಚಿಕ್ಕ ಅಂಕಿಯನ್ನೇ ಹಿಡಿಯಿರಿ. ಅಭ್ಯಾಸವಿಲ್ಲದ ದೇಹಕ್ಕೆ 50 ವ್ಯಾಟ್‌ಗೇ ಏದುಸಿರು ಬರಬಹುದು.

ಎದೆಬಡಿತ ನೋಡಿ ಕ್ಯಾಲೊರಿ ಹೇಳುವ ವಾಚ್ ನಂಬುವವರು ಮೊದಲು ಫ್ಯಾನ್ ಹಾಕಿಕೊಳ್ಳಿ. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಅದೇ ವ್ಯಾಟ್‌ಗೆ ಎದೆಬಡಿತ ಮಾತ್ರ ಏರುತ್ತಾ ಹೋಗುತ್ತದೆ, ವಾಚ್ ಅದನ್ನೂ ಕ್ಯಾಲೊರಿಗೆ ಸೇರಿಸಿಬಿಡುತ್ತದೆ. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಲ್ಲಿ ಇದರ ಉಲ್ಟಾ, ಬಡಿತ ಏರದೆ ಲೆಕ್ಕ ಕಡಿಮೆ ಬೀಳುತ್ತದೆ.

ಇನ್ನೊಂದು ಮಾತು. ಆ 204ರಲ್ಲಿ ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದ 30 ಸೇರಿದೆ. ದಿನದ ಖರ್ಚಿನಲ್ಲಿ ಅದನ್ನು ಮೊದಲೇ ಬರೆದಿದ್ದರೆ ಇಲ್ಲಿ ಕಳೆಯಿರಿ, ಉಳಿಯುವುದು 174. ಹದಿನೈದು ಗ್ರಾಂ ತುಪ್ಪದಲ್ಲೇ ಸುಮಾರು 135 ಇದೆ.